ಕಾರಣವಿಲ್ಲದ ಅಳು

ತೊಟ್ಟಿಲ ತಲೆದೆಸೆಗೆ ಕಟ್ಟಿದ ಕಾವಲು ಯಂತ್ರ ಹಸಿರು ದೀಪ ಮಿನುಗಿಸುತ್ತ, ಮಗುವಿನ ಉಸಿರು ಸರಿಯಾಗಿದೆ ಎಂದು ಸಾರುತ್ತಿತ್ತು. ಮಗುವಾದರೋ ಕಿರುಚಿ ಕಿರುಚಿ ಕೆಂಪಾಗಿತ್ತು. ಯಂತ್ರದ ತೆರೆಯ ಮೇಲೆ ಮತ್ತೆ ಅದೇ ಬರಹ: ‘ಕಾರಣವಿಲ್ಲದ ಅಳು. ತಾಯಿಯ ಆರೈಕೆಯಲ್ಲಿ ಕೊರತೆ.’

ಮಹಾನಂದಾಳಿಗೆ ಮೈಯೆಲ್ಲ ಉರಿಯಿತು. ಹೆತ್ತವಳು ತಾನು, ತೀರ್ಪು ಕೊಡುವುದು ಈ ಡಬ್ಬಿ! ಇದೇ ಬರಹ ಮುಂದುವರಿದರೆ ಮಗುವನ್ನು ಪಾಲನಾ ಕೇಂದ್ರಕ್ಕೆ ಒಯ್ಯುವುದಾಗಿ ಶಿಶು ಕಾವಲು ಮಂಡಳಿ ಎಚ್ಚರಿಸಿತ್ತು. ಯಂತ್ರ ಬಂದ್ ಮಾಡಿದರೂ ಅದೇ ಶಿಕ್ಷೆ. ಅತ್ತೆ ಪಾರವ್ವ ದೃಷ್ಟಿ ತೆಗೆದದ್ದಾಯಿತು, ಬಾಣಂತಿ ಏನು ತಿಂದಳೋ ಎಂದು ಓಣಿಯೆಲ್ಲ ವಿಚಾರಣೆ ನಡೆಸಿದ್ದಾಯಿತು.

ಅಂದು ಯಂತ್ರ ರೂಪಿಸಿದ ವಿಜ್ಞಾನಿ ಭುಜಬಲಿಯವರೇ ತಪಾಸಣೆಗೆ ಬಂದರು. ಅರವತ್ತು ದಾಟಿದವರು.

“ನೋಡವಾ, ಮಗುವಿನ ಎದೆಯ ಏರಿಳಿತ ಅಳೆಯುವ ಇದರ ರೇಡಿಯೊ ಅಲೆ ಸೆಕೆಂಡಿಗೆ ನಾಲ್ಕು ಸಾವಿರ ಕೋಟಿ ಸಲ ಕಂಪಿಸುತ್ತದೆ. ಒಳಗಿನ ಪುಟ್ಟ ಗಣಕಕ್ಕೆ ಅಷ್ಟು ವೇಗ ಎಣಿಸಲಾಗದು. ಅದಕ್ಕೇ ಆವೃತ್ತಿ ಭಾಜಕ ಚಿಪ್ ಇಟ್ಟಿದ್ದೇವೆ. ಅದು ಕಂಪನವನ್ನು ಅರ್ಧ ಮಾಡಿ, ಅರ್ಧದ ಅರ್ಧ ಮಾಡಿ, ಕೊನೆಗೆ ಹತ್ತೊಂಬತ್ತು ಸಾವಿರಕ್ಕೆ ಇಳಿಸುತ್ತದೆ. ಆಮೇಲೆ ಎಣಿಕೆ ಸಲೀಸು.”

“ನಿಮ್ಮ ಎಣಿಕಿಗೆ ಬೆಂಕಿ ಬೀಳ್ಲಿ! ಕುಂಚಿಗಿ ಕಟ್ಟಿದ್ರ ಕೂಸು ಯಾಕ ಸುಮ್ಮನಾಗತೈತಿ, ಅದನ್ನ ಹೇಳ್ರಿ.”

ಮಹಾನಂದಾ ಕಿವಿ ಮುಚ್ಚುವ ದಪ್ಪನೆಯ ಕುಂಚಿಗೆಯನ್ನು ಮಗುವಿನ ತಲೆಗೆ ಕಟ್ಟಿದಳು. ಅಳು ಬಿಕ್ಕಳಿಕೆಗೆ ಇಳಿಯಿತು. ಬಿಚ್ಚಿದಳು, ಮತ್ತೆ ಕಿರುಚಾಟ. ತಲೆ ಬೆವರುತ್ತದೆಂದು ಮಂಡಳಿ ಕುಂಚಿಗೆಯನ್ನೂ ಬೇಡವೆಂದಿತ್ತು.

ಕಿವಿ ಮುಚ್ಚಿದರೆ ಅಳು ಇಳಿಯುತ್ತದೆ! ಭುಜಬಲಿಯವರು ಚೀಲಕ್ಕೆ ಕೈ ಹಾಕಿದರು. ಸಂಜೆ ಬಾವಲಿಗಳ ಕೂಗು ಆಲಿಸುವ ಹವ್ಯಾಸ ಅವರದು; ಅದನ್ನು ಕೇಳಿಸುವ ಪೆಟ್ಟಿಗೆ ಸದಾ ಚೀಲದಲ್ಲಿರುತ್ತಿತ್ತು. ಅದರಲ್ಲೂ ಅಂಥದೇ ಭಾಜಕ ಚಿಪ್. ಮನುಷ್ಯರಿಗೆ ಕೇಳದ ಸದ್ದನ್ನು ಹತ್ತರಿಂದ ಭಾಗಿಸಿ ಕೇಳಿಸುತ್ತದೆ. ಅದನ್ನು ಕಾವಲು ಯಂತ್ರದ ಹತ್ತಿರ ಹಿಡಿದದ್ದೇ ತಡ, ಎದೆ ಕೊರೆಯುವಂಥ ಒಂದೇ ಸಮನೆಯ ಚೀತ್ಕಾರ ಮನೆ ತುಂಬಿತು. ಪಾರವ್ವ ಕಿವಿ ಮುಚ್ಚಿಕೊಂಡಳು. ಅಯ್ಯೋ, ಆ ಕೂಸು ಹಗಲಿರುಳು ಇದನ್ನೇ ಕೇಳಿತ್ತು! ಕುಣಿಯಲಾರದವಳು ನೆಲ ಡೊಂಕೆಂದಂತೆ, ಯಂತ್ರದ ದೋಷಕ್ಕೆ ತಾಯಿಯ ಹೆಸರು.

“ಚಿಪ್‌ನ ಕೊನೆಯ, ಹತ್ತೊಂಬತ್ತು ಸಾವಿರದ ಮಿಡಿತಕ್ಕೆ ಪಕ್ಕದ ಬಿಡಿಭಾಗ ಅದುರುತ್ತಿದೆ,” ಎಂದರು ಭುಜಬಲಿ. “ಎಳೆಯ ಕಿವಿಗೆ ಕೇಳುತ್ತದೆ. ಬೆಳೆದಂತೆ ಕೇಳಿಸುವುದು ಕಡಿಮೆಯಾಗುತ್ತದೆ; ನನ್ನ ವಯಸ್ಸಿಗಂತೂ ಕೇಳದು.”

“ಮತ್ತ ಈ ಯಂತ್ರ ಸದ್ದು ಮಾಡೂದಿಲ್ಲಂತ ಬರಕೊಟ್ಟವ್ರು ಯಾರು?” ಮಹಾನಂದಾ ಕೇಳಿದಳು.

“ಹೊಸ ಯಂತ್ರವನ್ನು ಆಲಿಸಿ ಒಪ್ಪಿಗೆ ಕೊಡುವ ಮರ್ಯಾದೆ ನಮ್ಮಲ್ಲಿ ಹಿರಿಯರದು. ಮೊದಲು ಆಲಿಸಿದವನು ನಾನೇ.”

“ನಿಮಗ ಕಿವಿ ಕೇಳಲಿಲ್ಲಂತ ನಾ ಕೆಟ್ಟ ತಾಯಿ ಆದೆನೇನ್ರಿ?”

ಭುಜಬಲಿಯವರು ಯಂತ್ರ ಬಂದ್ ಮಾಡಿದರು. ಮಗು ಕಣ್ಣರಳಿಸಿ ಸುತ್ತ ನೋಡಿ, ತಾಯಿ ಎತ್ತಿಕೊಂಡೊಡನೆ ಹಾಲಿಗೆ ಬಾಯಿ ಹಾಕಿತು.

ಮರುಕ್ಷಣವೇ ಮಹಾನಂದಾಳ ಫೋನು ಸದ್ದು ಮಾಡಿತು: ‘ಯಂತ್ರ ಬಂದ್ ಆಗಿದೆ. ತಾಯಿಯ ನಿರ್ಲಕ್ಷ್ಯ. ಮಗುವನ್ನು ಒಯ್ಯಲು ವಾಹನ ಹೊರಟಿದೆ.’

ಅವಳು ಫೋನನ್ನು ಅವರ ಕೈಗೆ ತುರುಕಿದಳು. ಭುಜಬಲಿಯವರು ಮಂಡಳಿಗೆ ಕರೆ ಮಾಡಿ, ಬಂದ್ ಮಾಡಿದವನು ತಾನೆಂದೂ ತಪ್ಪು ಯಂತ್ರದ್ದೆಂದೂ ಹೇಳಿ ವಾಹನ ನಿಲ್ಲಿಸಿದರು. ಆಮೇಲೆ ಫೋನಿಡದೆ ಅಳುಕುತ್ತ ಕೇಳಿದರು: “ಈಗಾಗಲೇ ಒಯ್ದ ಮಕ್ಕಳು ಕೇಂದ್ರದಲ್ಲಿ ಅಳು ನಿಲ್ಲಿಸಿವೆಯೇ?”

“ಎಲ್ಲೀದ್ರೀ ಸಾಹೇಬ್ರ! ಅಲ್ಲಿ ಇನ್ನೂ ಜೋರು. ಅದಕ್ಕ ಒಂದೊಂದು ತೊಟ್ಟಿಲಿಗೆ ಎರಡೆರಡು ಯಂತ್ರ ಕಟ್ಟೀವಿ.” ಮಂಡಳಿಯವನ ದನಿ ಮಹಾನಂದಾಳಿಗೂ ಕೇಳಿಸಿತು.

ಮಹಾನಂದಾ ಮಗುವನ್ನು ಅತ್ತೆಯ ಮಡಿಲಿಗಿಟ್ಟು ಎದ್ದಳು.

“ನಡೀರಿ, ಆ ಕೇಂದ್ರ ತೋರಸ್ರಿ. ನಿಮ್ಮ ಕೈ ನಡುಗಿದ್ರ ನಾನ ಬಂದ್ ಮಾಡ್ತೀನಿ.”