ಕೆಳಗಿನ ಖೋಲಿ

“ನಿಮ್ಮ ಮೊಣಕಾಲು ನೋಯ್ತಾವೇನ್ರಿ?”

ಹೆಣ್ಣು ನೋಡಲು ಬಂದ ಗಂಡಸು ಕೇಳಿದ ಮೊದಲ ಮಾತೇ ಇದು! ಪಾರವ್ವ ಕೈಯಲ್ಲಿದ್ದ ಚಹಾದ ಕಪ್ಪನ್ನು ಟಕ್ಕನೆ ನೆಲಕ್ಕಿಟ್ಟಳು... ನಾಚಿಕೆಯಿಂದಲ್ಲ, ಸಿಟ್ಟಿನಿಂದ.

೧೯೩೬ನೇ ಇಸವಿ. ಪುಣೆಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಪಾರವ್ವನಿಗೆ ನಲವತ್ತೆರಡು. ಧಾರವಾಡ ಕಡೆಯ ವಿಧವೆ. ಎದುರಿಗೆ ಕೂತವನು ನಿಜಲಿಂಗಪ್ಪ. ರವಿವಾರ ಪೇಠೆಯ ಅರಿವೆ ಅಂಗಡಿಯ ಗುಮಾಸ್ತ, ಹೆಂಡತಿ ಸತ್ತವನು, ಮಕ್ಕಳಿಲ್ಲ. ಅವರ ಮಂದಿಯಲ್ಲಿ ವಿಧವೆಗೆ ಉಡಿಕಿ, ಅಂದರೆ ಹೊಸ ಸೀರೆ ಉಡಿಸಿ ಮಾಡುವ ಮರುಮದುವೆ, ರೂಢಿಯೇ. ಸೀರೆಯನ್ನೂ ಜೊತೆಗೇ ತಂದಿದ್ದ ಪುಣ್ಯಾತ್ಮ!

“ಯಾಕ್ರಿ, ಸಂತ್ಯಾಗ ಎತ್ತು ನೋಡಾಕ ಬಂದೀರೇನು? ಹಲ್ಲೂ ತೋರಸ್ಲೇನು?”

“ಹಂಗಲ್ರಿ... ಮುಪ್ಪಿನ ವಿಚಾರ ಈಗ್ಲೇ ಮಾಡಬೇಕಲ್ರಿ, ಅದಕ್ಕ...”

“ನಿಮ್ಮ ಮುಪ್ಪಿಗೆ ಪುಕ್ಕಟೆ ನರ್ಸ್ ಬೇಕಾಗ್ಯಾಳ! ಎದ್ದು ಹೋಗ್ರಿ!”

ನಿಜಲಿಂಗಪ್ಪ ಎದ್ದು ಹೋದ. ಸೀರೆ ಚಾಪೆಯ ಮೇಲೇ ಉಳಿಯಿತು. ಈ ಸಂಬಂಧ ತಂದಿದ್ದ ಪಕ್ಕದ ಮನೆಯ ಕಾಶವ್ವ ಹಣೆ ಹಣೆ ಬಡಿದುಕೊಂಡಳು.

ಪಾರವ್ವನಾದರೂ ಬೇರೆ ಏನಂತ ತಿಳಿದುಕೊಳ್ಳಬೇಕಿತ್ತು? ಮೊದಲ ಗಂಡ ಲಕ್ವಾ ಹೊಡೆದು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ. ಅವನನ್ನು ಎತ್ತಿ, ಇಳಿಸಿ, ಒರೆಸಿ, ಉಣಿಸುವುದರಲ್ಲೇ ಅವಳ ಹರೆಯ ಕಳೆದುಹೋಯಿತು. ಇನ್ನೊಬ್ಬನ ಹಾಸಿಗೆ ಪಕ್ಕ ಜೀವ ತೇಯುವ ಮದುವೆ ಅವಳಿಗೆ ಬೇಡವೇ ಬೇಡ. ಆದರೆ... ನಾಳೆ ತಾನೇ ಬಿದ್ದರೆ? ಬಾಯಿಗೆ ನೀರು ಬಿಡುವವರು ಯಾರು? ಆ ಹೆದರಿಕೆಯಿಂದಲೇ ಅವಳು ಈ ಸಂಬಂಧ ನೋಡಲು ಹೂಂ ಅಂದದ್ದು.

‘ಇಬ್ಬರ ಮನಸ್ಸಿನಾಗೂ ಅದೇ ಇತ್ತು. ಅವ ಬಾಯಿಬಿಟ್ಟ, ಅಷ್ಟೆ!’ ಅಂದಿತು ಒಳಮನಸ್ಸು. ಪಾರವ್ವ ಅದನ್ನೂ ಗದರಿಸಿದಳು.

ರಜೆಯ ದಿನ ಸೀರೆ ವಾಪಸ್ ಕೊಡಲು ಕಾಶವ್ವನನ್ನು ಕಟ್ಟಿಕೊಂಡು ಅವನಿದ್ದ ವಾಡೆಗೆ, ಹಲವು ಬಾಡಿಗೆ ಬಿಡಾರಗಳ ಹಳೆಯ ಮನೆಗೆ, ಹೋದಳು. ಅವನ ಕೋಣೆಯಿದ್ದ ಮೇಲಿನ ಮಾಳಿಗೆಗೆ ಏಣಿಯಂಥ ಕಡಿದಾದ ಮೆಟ್ಟಿಲು, ಹಿಡಿಯಲು ಒಂದು ಹಗ್ಗ. ನಿಜಲಿಂಗಪ್ಪ ಮೇಲಿರಲಿಲ್ಲ. ಕೆಳಗಿನ ಖೋಲಿಯಲ್ಲಿ, ಬಚ್ಚಲ ಗೋಡೆಗೆ ಕಟ್ಟಿಗೆಯ ಹಿಡಿಕೆ ಕೂರಿಸಿ ಮೊಳೆ ಹೊಡೆಯುತ್ತಿದ್ದ.

“ಇದೇನ್ರಿ?” ಅಂದಳು ಪಾರವ್ವ.

“ಮ್ಯಾಲಿನ ಖೋಲಿ ಬಿಟ್ಟೆ. ಅಲ್ಲಿ ಗಾಳಿ ಭಾಳ ಛಲೋ ಅದ. ಆದ್ರ ನೀವು ದಿನಾ ನಿಂತು ದುಡಿಯೋರು. ಮೊಣಕಾಲು ನೋಯ್ತಿದ್ರ ಆ ಮೆಟ್ಟಿಲ ಆಗೂದಿಲ್ಲ, ಲಗೂನ ಕೆಳಗ ಬರಬೇಕು, ಇಲ್ಲಂದ್ರ ಇನ್ನೂ ನಾಕು ವರ್ಷ ಮ್ಯಾಲೇ ಇರಬಹುದು. ಅದಕ್ಕ ಕೇಳಿದೆ.”

“ನಾ ಬೈದು ಕಳಿಸಿದ ಮ್ಯಾಲೂ ಬಿಟ್ರ್ಯಾ?”

“ಅಷ್ಟು ಸಿಟ್ಟು ಬರಬೇಕಂದ್ರ ಖರೇನ ನೋಯ್ತಿರಬೇಕು ಅನ್ಕೊಂಡೆ.”

ಕಾಶವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಪಾರವ್ವ ನಗಲಿಲ್ಲ.

“ಇದನ್ನ ಅವತ್ತ ಹೇಳಾಕ ಏನಾಗಿತ್ತು?”

“ಹೇಳಾಕ ಎಲ್ಲಿ ಬಿಟ್ರಿ?” ಸುತ್ತಿಗೆ ಕೆಳಗಿಟ್ಟ ಅವನು. “ನಾ ಬಿದ್ರ ನೋಡ್ಕೋರಿ ಅಂತ ಕೇಳಾಕ ಬಂದಿದ್ದಿಲ್ರಿ. ನೀವು ಬಿದ್ರ ನಾ ಇರ್ತೀನಿ ಅಂತ ಹೇಳಾಕ ಬಂದಿದ್ದೆ.”

ಪಾರವ್ವ ಗೋಡೆಯ ಹಿಡಿಕೆಯನ್ನು ಒಮ್ಮೆ ಜಗ್ಗಿ ನೋಡಿದಳು, ಗಟ್ಟಿಯಾಗಿಯೇ ಕೂತಿತ್ತು... ಆದರೆ ಅವಳು ನರ್ಸ್. ಬರೀ ಮಾತಿಗೆ ಕರಗುವ ಪೈಕಿ ಅಲ್ಲ.

“ಹೇಳೋದು ಸಸಾರ. ಎತ್ತಾಕ ಬರ್ತದೇನು?” ಅಂದವಳೇ, ಸೀರೆಯ ಗಂಟನ್ನು ಕಾಶವ್ವನ ಕೈಗಿಟ್ಟು ಅಲ್ಲಿದ್ದ ಹೊರಸಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು! “ನನಗ ಲಕ್ವಾ ಹೊಡದದ ಅಂತ ತಿಳೀರಿ. ಎಬ್ಬಿಸಿ ಕೂಡಸ್ರಿ.”

ನಿಜಲಿಂಗಪ್ಪ ಕಕ್ಕಾಬಿಕ್ಕಿಯಾಗಿ ಕಾಶವ್ವನ ಮುಖ ನೋಡಿದ.

“ನನ್ನೇನ ನೋಡ್ತಿ? ಎಬ್ಬಸಪಾ!” ಅಂದಳು ಕಾಶವ್ವ.

ಅವನು ಪಾರವ್ವನ ರಟ್ಟೆ ಹಿಡಿದು ಎಳೆದ.

“ಅಯ್ಯ, ತೋಳು ಕಿತ್ತು ಬರ್ತದ! ಮೊದ್ಲ ನೀವು ಬಗ್ಗರಿ. ಒಂದು ಕೈ ಬೆನ್ನ ಕೆಳಗ... ಹಾಂ, ಇನ್ನೊಂದು ಹೆಗಲ ಹಿಂದ. ಈಗ ನಿಧಾನಕ್ಕ.”

ಅವನು ಉಸಿರು ಬಿಗಿಹಿಡಿದು ಎತ್ತಿದ. ಪಾರವ್ವ ಎದ್ದು ಕೂತಳು. ಅವನ ಅಂಗೈ ಇನ್ನೂ ಅವಳ ಬೆನ್ನಿಗೇ ಇತ್ತು.

ಎಷ್ಟು ಜನರನ್ನು ಎತ್ತಿದ್ದಳೋ ಪಾರವ್ವ! ಅವಳನ್ನು ಮಾತ್ರ ಯಾರೂ ಎತ್ತಿರಲಿಲ್ಲ. ಕಣ್ಣು ತುಂಬಿ ಬಂದವು.

“ನೋವಾತೇನ್ರಿ?” ನಿಜಲಿಂಗಪ್ಪ ಗಾಬರಿಯಾದ.

“ಇಲ್ಲ.”

“ಮತ್ತ... ಕೈ ಬಿಡ್ಲೇನು?”

“ಬಿಡಬ್ಯಾಡ್ರಿ.”