ಅಜ್ಜಿ ಇನ್ನೂ ಎದ್ದಿಲ್ಲ

ಕನ್ನಡಕದ ಅಂಗಡಿಯ ಆ ಹಳೇ ಕಂಪ್ಯೂಟರ್ ಎಂಥದ್ದೆಂದರೆ, ಬೆಳಿಗ್ಗೆ ಸ್ವಿಚ್ ಒತ್ತಿ ಹೋಗಿ, ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಸೇರಿಸಿ ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು.

"ರಿಪೇರಿಯವರೇ, ನಿಮ್ಮ ಅಜ್ಜಿ ಇನ್ನೂ ಎದ್ದಿಲ್ಲ!" ಎಂದು ಕೌಂಟರಿನ ಹುಡುಗಿ ದಿನಾ ಕೂಗುತ್ತಿದ್ದಳು. ಎದುರಂಗಡಿಯ ರಿಪೇರಿಯವನು ಸ್ಕ್ರೂಡ್ರೈವರ್ ಹಿಡಿದು ಓಡಿ ಬರುತ್ತಿದ್ದ. ತಿರುಗಿಸಲು ಒಂದು ಸ್ಕ್ರೂ ಕೂಡ ಇರುತ್ತಿರಲಿಲ್ಲವೆನ್ನಿ.

"ವಯಸ್ಸಾಯ್ತಲ್ಲ ಅಜ್ಜಿಗೆ. ಕಾಯ್ಬೇಕು."

"ಕಾಯೋಣ ಬಿಡಿ. ನಂಗೇನು ಅವಸರ?"

ಅವಳು ಯಾವುದೋ ಕನ್ನಡಕ ಹಾಕಿ, ಮೂಗಿನ ತುದಿಗೆ ಜಾರಿಸಿ, ಅದರ ಮೇಲಿಂದ ಅವನನ್ನು ನೋಡುವಳು. ಆ ನೋಟಕ್ಕೆ ಕಬ್ಬಿಣದ ಬೀರುವೂ ಬೆವರುತ್ತಿತ್ತು. ಇವನದೇನು ಮಹಾ!

ಒಂದು ದಿನ ಅಂಗಡಿಯ ಯಜಮಾನ, ಅವಳ ಅಣ್ಣ, ರೇಗಿದ. "ಗಿರಾಕಿಗಳು ಕಾದೂ ಕಾದೂ ಎದ್ದು ಹೋಗ್ತಿದಾರೆ. ಹೀಗೇ ಆದ್ರೆ ಅಂಗಡಿ ಮುಚ್ಚಿ ಇವಳನ್ನ ಚಿಕ್ಕಮ್ಮನ ಊರಿಗೆ ಕಳಿಸ್ತೀನಿ. ಅಲ್ಲಿ ಒಂದು ಸಂಬಂಧಾನೂ ನೋಡಿದಾರೆ."

ರಿಪೇರಿಯವನ ಜೀವ ಬಾಯಿಗೆ ಬಂತು. ಅಂದೇ ಸಂಜೆ ಹಳೇ ಡಿಸ್ಕ್ ಕಿತ್ತು ಹೊಸದು ಹಾಕಿದ. ಕಂಪ್ಯೂಟರ್ ಏಳುವಾಗಲೇ ಜೊತೆಗೆ ಏಳುತ್ತಿದ್ದ ಬೇಡದ ಪ್ರೋಗ್ರಾಮುಗಳನ್ನೆಲ್ಲ ಆಫ್ ಮಾಡಿದ. ನಾಳೆ ಮನಸ್ಸಿನ ಮಾತು ಹೇಳಿಬಿಡಬೇಕು ಎಂದುಕೊಂಡ.

ಬೆಳಿಗ್ಗೆ ಅವಳು ಸ್ವಿಚ್ ಒತ್ತಿ ಕುರ್ಚಿ ಎಳೆಯುವಷ್ಟರಲ್ಲಿ ಪರದೆ ಬೆಳಗಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಮೊದಲ ಬಿಲ್ಲೇ ತೆಗೆದಿದ್ದ.

"ಭಲೇ! ಇಷ್ಟು ಫಾಸ್ಟ್ ಆದ್ರೆ ನಾನೊಬ್ಬನೇ ಸಂಭಾಳಿಸ್ತೀನಿ. ತಂಗೀ, ನೀನು ನಾಳೆ ಬಸ್ಸಿಗೆ ಹೊರಡು." ಎನ್ನುತ್ತಾ, ಚಿಕ್ಕಮ್ಮನಿಗೆ ಫೋನ್ ಹಚ್ಚಿ ಸಂಬಂಧಕ್ಕೂ ಹೂಂಗುಟ್ಟಿಬಿಟ್ಟ.

ಅಣ್ಣ ಒಳಗೆ ಹೋದ ಮೇಲೆ ಅವಳು ಪಿಸುಗುಟ್ಟಿದಳು. "ಯಾರ್ ಹೇಳಿದ್ರು ನಿಮ್ಗೆ ಸರಿ ಮಾಡಿ ಅಂತ? ಆ ಪ್ರೋಗ್ರಾಮೆಲ್ಲ ನಾನೇ ಹಾಕಿದ್ದು. ಸಂಗೀತದ್ದು, ಚೆಸ್ಸಿಂದು, ಹವಾಮಾನದ್ದು... ನೀವು ಇನ್ನೊಂಚೂರು ಹೊತ್ತು ಕೂರ್ಲಿ ಅಂತ."

"ನೀವು ಹೋಗ್ಬಾರ್ದು ಅಂತಾನೇ ನಾನು..."

"ಗೊತ್ತಾಯ್ತು ಬಿಡಿ, ಪೆದ್ದಪ್ಪ."

"ಅಣ್ಣಂಗೆ ಹೇಳ್ಲಾ?"

"ಮಾತು ಕೊಟ್ಟಾಯ್ತಲ್ಲ. ಅವನು ಕೊಟ್ಟ ಮಾತು ತಪ್ಪೋನಲ್ಲ."

ಮರುದಿನ ಬಸ್ಸಿನ ಕಿಟಕಿಯಲ್ಲಿ ಅವಳು ನಗುತ್ತಿದ್ದಳು, ಕಣ್ಣ ತುಂಬ ನೀರು. "ಇದಕ್ಕೂ ಏನಾದ್ರೂ ಹಾಕಿ, ನಿಧಾನ ಆಗೋ ಥರ."

ಅದು ಆ ಕಂಪ್ಯೂಟರಿಗಿಂತ ಮುದಿ ಬಸ್ಸು. ಹತ್ತು ಜನ ತಳ್ಳದೆ ಎಂದೂ ಹೊರಟದ್ದಿಲ್ಲವೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ರಿಪೇರಿಯವನು ಆಸೆಯಿಂದ ಎಂಜಿನ್ನಿನ ಕಡೆ ನೋಡಿದ.

ಡ್ರೈವರ್ ಕೀ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.