ಹನುಮಂತಯ್ಯನವರ ಹಲ್ಲು, ಸಿರಿಯ ಸೀಟು

ಈ ಕತೆಯನ್ನು ಮೊದಲು ಹೇಳಿದವನು ಗುಡೇಮಾರನಹಳ್ಳಿಯ ಲಗೇಜ್ ಆಟೊ ಕೆಂಪರಾಜು. ಹೇಳಿದ್ದು ಕಳೆದ ಕಾರ್ತಿಕದ ಒಂದು ಸಂಜೆ, ಹಾಲಿನ ಡೇರಿಯ ಜಗಲಿಯ ಮೇಲೆ, ಕರೆಂಟು ಹೋಗಿ ಹಾಲು ಪರೀಕ್ಷಿಸುವ ಯಂತ್ರ ನಿಂತುಬಿಟ್ಟಾಗ. ಕ್ಯಾನು ಹಿಡಿದು ಬಂದವರಿಗೆ ಕಾಯುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಇದೇ ಕತೆಯನ್ನು ಮಾಗಡಿಯ ಕಡೆ ಬೇರೆಯವರು ಹೇಳುವುದೂ ಉಂಟು. ಒಂದು ಪಾಠದಲ್ಲಿ ಹಲ್ಲು ಚಿನ್ನದ್ದು. ಇನ್ನೊಂದರಲ್ಲಿ ಕಳ್ಳನನ್ನು ಹಿಡಿಯುವುದು ನಾಯಿ. ಕೆಂಪರಾಜು ಕಣ್ಣಾರೆ ಕಂಡವನಾದ್ದರಿಂದ ಇಲ್ಲಿ ಅವನ ಪಾಠವನ್ನೇ ಅನುಸರಿಸಲಾಗಿದೆ.

ಕತೆ ನಡೆದ ದಿನ ಮಧ್ಯಾಹ್ನ ಕೆಂಪರಾಜು ಲತಾಮಣಿ ಮೇಡಂ ಮನೆಗೆ ಗ್ಯಾಸ್ ಸಿಲಿಂಡರ್ ಇಳಿಸಿ, ಕಾಫಿಗೆ ಕಾದು ಕುಳಿತಿದ್ದ. ಮೇಡಂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಪರೀಕ್ಷಾ ಸ್ಕ್ವಾಡಿನಲ್ಲಿದ್ದಷ್ಟು ಕಾಲ ತಾಲ್ಲೂಕಿನ ಹುಡುಗರು ಎಲ್ಲಿ ಚೀಟಿ ಬಚ್ಚಿಟ್ಟರೂ ಹೊರಗೆಳೆದವರು. ಊರಿನಲ್ಲಿ ಕೋಳಿ ಕಳೆದರೂ ಪಂಪ್‌ಸೆಟ್ಟಿನ ಕೇಬಲ್ಲು ಕಳೆದರೂ ಜನ ಠಾಣೆಗಿಂತ ಮೊದಲು ತಟ್ಟುತ್ತಿದ್ದುದು ಅವರ ಬಾಗಿಲನ್ನು. ಕೆಂಪರಾಜು ಅವರ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ಅವನ ಕಾಲುಚೀಲದೊಳಗಿನ ಚೀಟಿಯನ್ನು ಹಿಡಿದವರೂ ಅವರೇ. ಅಂದಿನಿಂದ ಅವನಿಗೆ ಅವರ ಮೇಲೆ ಅಪಾರ ಭಕ್ತಿ. ಪತ್ತೆಯ ಕೆಲಸ ಬಂದಾಗಲೆಲ್ಲ ಅವನ ಆಟೊ ಬಾಡಿಗೆಯಿಲ್ಲದೆ ಓಡುತ್ತಿತ್ತು.

"ಮೇಡಂ!" ಎಂದು ಏದುಸಿರು ಬಿಡುತ್ತ ಬಾಗಿಲಿಗೆ ಬಂದವಳು ಕೆಳಗಿನ ಬೀದಿಯ ಸಿರಿ. "ನಮ್ಮ ತಾತನ ಹಲ್ಲು ಯಾರೋ ಕದ್ದುಬುಟ್ಟವ್ರೆ! ನನ್ನ ಸೀಟು ಹೋಯ್ತು!"

"ಹಲ್ಲು ಹೋದ್ರೆ ಸೀಟ್ಯಾಕವ್ವ ಹೋಯ್ತದೆ?" ಎಂದ ಕೆಂಪರಾಜು. "ಬಸ್ನಾಗೆ ಹಲ್ಲಿಲ್ದೋರ್ಗೇ ಮೊದ್ಲು ಸೀಟು ಕೊಡೋದು."

"ಕೆಂಪರಾಜು, ಬಾಯಿ ಮುಚ್ಚು. ಸಿರಿ, ಕೂತುಕೋ. ಮೊದಲಿಂದ ಹೇಳು," ಎಂದರು ಮೇಡಂ.

ಸಿರಿ ಹೇಳಿದ ವಿಷಯ ಹೀಗಿತ್ತು. ಕೌನ್ಸೆಲಿಂಗ್‌ನಲ್ಲಿ ಅವಳಿಗೆ ಬೆಂಗಳೂರಿನ ಡೆಂಟಲ್ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ. ಸಂಜೆ ಐದು ಗಂಟೆಯೊಳಗೆ ಕಂಪ್ಯೂಟರಿನಲ್ಲಿ ಒಪ್ಪಿಗೆ ಒತ್ತದಿದ್ದರೆ ಅದು ಬೇರೆಯವರ ಪಾಲು. ಒಪ್ಪಿಗೆ ಒತ್ತಲು ಓಟಿಪಿ ಬೇಕು. ಓಟಿಪಿ ಬರುವುದು ಅವಳ ತಾತ ಹನುಮಂತಯ್ಯನವರ ಫೋನಿಗೆ. ಅರ್ಜಿ ಹಾಕಿದ ದಿನ ಆ ಮನೆಯಲ್ಲಿ ಸಿಗ್ನಲ್ ಹಿಡಿದದ್ದು ಅದೊಂದೇ. ಆ ಫೋನಾದರೋ ತಾತನ ಮುಖ ನೋಡಿದ ಹೊರತು ತೆರೆಯದು. ಮಾಗಡಿಯ ಮೊಬೈಲ್ ಅಂಗಡಿಯ ದೀಪು ಅದಕ್ಕೆ ಮುಖವನ್ನು ಕಲಿಸಿದ್ದು ತಾತ ಚನ್ನಪಟ್ಟಣದಲ್ಲಿ ಹೊಸದಾಗಿ ಹಲ್ಲಿನ ಸೆಟ್ಟು ಹಾಕಿಸಿಕೊಂಡು ಬಂದ ದಿನ. ಅಂದೆಲ್ಲ ತಾತ ಹಲ್ಲು ಬಿಟ್ಟುಕೊಂಡೇ ಇದ್ದರು. ಹಾಗಾಗಿ ಫೋನಿಗೆ ಗೊತ್ತಿರುವುದು ಹಲ್ಲು ಕಿರಿದ ಹನುಮಂತಯ್ಯ ಮಾತ್ರ. ಬೊಚ್ಚುಬಾಯಿಯ ಹನುಮಂತಯ್ಯ ಅದರ ಪಾಲಿಗೆ ಪರಕೀಯ.

"ನಂಬರ್ ಒತ್ತಿ ತೆಗೆಯೋದು ಇರುತ್ತಲ್ಲ?"

"ಇತ್ತು ಮೇಡಂ. ಗುಟ್ಟಾಗಿರ್ಲಿ ಅಂತ ದೀಪು ಅದನ್ನ ತಾತನ ಕಿವೀಲಿ ಹೇಳ್ದ. ಅದು ಕೇಳಿಸ್ದಿರೋ ಕಿವಿ. ದೀಪೂಗೂ ಈಗ ನೆನಪಿಲ್ಲ."

"ಸಿಮ್ ಕಿತ್ತು ನನ್ ಫೋನ್ಗೆ ಹಾಕವ್ವ," ಎಂದ ಕೆಂಪರಾಜು.

"ಫೋನು ಒಂದ್ಸಲ ಹಸೂಗಿಟ್ಟ ಕಲಗಚ್ಚಿಗೆ ಬಿದ್ದಿತ್ತಣ್ಣ. ಆವತ್ತಿಂದ ತಾತ ಸುತ್ತ ಎಂ-ಸೀಲ್ ಮೆತ್ತವ್ರೆ. ಸಿಮ್ ಬೇಕು ಅಂದ್ರೆ ಸುತ್ತಿಗೆ ತಗೋಬೇಕು." ಸಿರಿಯ ಕಣ್ಣಲ್ಲಿ ನೀರು ತುಂಬಿತು. "ಅಪ್ಪ ನಿನ್ನೆ ತಂಕ ಒಪ್ಪೇ ಇರ್ಲಿಲ್ಲ. ಇನ್ನೊಂದ್ವರ್ಷ ಓದಿ ದೊಡ್ಡ ಡಾಕ್ಟ್ರೇ ಆಗು ಅಂತಿದ್ರು. ಬೆಳಿಗ್ಗೆ ತಿಂಡಿ ಹೊತ್ತಲ್ಲಿ ಹೂಂ ಅಂದ್ರು. ಆ ಖುಷೀಲಿ ನಾನು, ತಾತ, ನೀನೇ ನನ್ನ ಮೊದಲ್ನೇ ಪೇಷಂಟು, ಉಳಿದಿರೋ ಎರಡು ದವಡೆಹಲ್ಲು ಕಿತ್ತು ಫುಲ್ ಸೆಟ್ ಹಾಕ್ತೀನಿ ಅಂದೆ. ಎಲ್ಲಾ ನಕ್ರು. ಈಗ ನೋಡಿದ್ರೆ ಹಿಂಗೆ..."

"ಆಟೊ ತೆಗಿ," ಎಂದರು ಮೇಡಂ. ಕಾಫಿ ಒಲೆಯ ಮೇಲೆಯೇ ಉಳಿಯಿತು. ಅದನ್ನು ಹೇಳುವಾಗ ಡೇರಿಯ ಜಗಲಿಯ ಮೇಲೂ ಕೆಂಪರಾಜು ನಿಟ್ಟುಸಿರಿಟ್ಟನಂತೆ.

ಆಟೊ ನಿಂತದ್ದು ಹನುಮಂತಯ್ಯನವರ ಮನೆಯ ಹಿತ್ತಿಲ ಗೋಡೆಯ ಬಳಿ. ಗೋಡೆಯ ತುಂಬ ಮನೆಯ ಅಜ್ಜಿ ವೆಂಕಟಲಕ್ಷ್ಮಮ್ಮ ಬೆಳಿಗ್ಗೆ ತಟ್ಟಿದ ಬೆರಣಿಗಳು ಸಾಲಾಗಿದ್ದವು. ಪ್ರತಿಯೊಂದರ ಮೇಲೂ ಹಸ್ತದ ಗುರುತು, ಹೆಬ್ಬೆರಳು ಎಡಕ್ಕೆ. ಅಂಚುಗಳು ಬಿಸಿಲಿಗೆ ಆರಿ ಬಿಳಿಚಿಕೊಂಡಿದ್ದವು. ಮೂಲೆಯಲ್ಲಿದ್ದ ಒಂದು ಮಾತ್ರ ಇನ್ನೂ ಹಸಿಯಾಗಿ, ಉಳಿದವುಗಳಿಗಿಂತ ದಪ್ಪಗೆ ಉಬ್ಬಿತ್ತು; ಅದರ ಹೆಬ್ಬೆರಳು ಬಲಕ್ಕೆ ಚಾಚಿತ್ತು. ಮೇಡಂ ಅಲ್ಲಿ ಒಂದು ಗಳಿಗೆ ನಿಂತರು. ಸಗಣಿಯಲ್ಲಿ ನೋಡುವುದೇನಿದೆ ಎಂದುಕೊಂಡು ಕೆಂಪರಾಜು ಮೂಗು ಮುಚ್ಚಿ ಮುಂದೆ ನಡೆದ.

ನಡುಮನೆಯಲ್ಲಿ ಹನುಮಂತಯ್ಯನವರು ಗೋಡೆಗೊರಗಿ ಕುಳಿತು ಎಡಗೈಯಲ್ಲಿ ಮಜ್ಜಿಗೆ ಕುಡಿಯುತ್ತಿದ್ದರು. ಹಿಂದಿನ ದಿನ ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕುಡುಗೋಲು ತಾಗಿ ಬಲಗೈಗೆ ದಪ್ಪನೆಯ ಬಟ್ಟೆ ಸುತ್ತಿತ್ತು. ಹಲ್ಲಿಲ್ಲದ ಬಾಯಿಂದ ಅವರ ಮಾತು ಬರೀ ಗಾಳಿಯಾಗಿ ಹೊರಡುತ್ತಿದ್ದುದರಿಂದ ವೆಂಕಟಲಕ್ಷ್ಮಮ್ಮನೇ ಅದನ್ನು ಬಿಡಿಸಿ ಹೇಳಬೇಕಾಗಿತ್ತು.

"ಉಂಡು, ಹಲ್ಲ ತೆಗ್ದು ಲೋಟದ ನೀರ್ಗೆ ಹಾಕಿ, ಕಿಟಕಿ ಮೇಲಿಟ್ಟು ಮನಿಕ್ಕಂಡೆ, ಎದ್ದು ನೋಡುದ್ರೆ ಇಲ್ಲ ಅಂತವ್ರೆ," ಎಂದರು ಆಕೆ. ಬಳಿಕ ತಮ್ಮದೊಂದು ಮಾತು ಸೇರಿಸಿದರು: "ಇವ್ರುನ್ನೇ ಹೊತ್ಕೊಂಡೋಗಿದ್ರೂ ಎಚ್ಚರಾಗ್ತಿರ್ಲಿಲ್ಲ ಬುಡಿ."

ಕಿಟಕಿಯ ಮೇಲೆ ಸ್ಟೀಲಿನ ಲೋಟ ಕವುಚಿ ಕೂತಿತ್ತು.

"ಈ ಲೋಟ ಯಾರು ಕವುಚಿಟ್ಟದ್ದು?"

"ನಾನು ಮುಟ್ಟಿಲ್ಲವ್ವ. ದಿನಾ ಹಲ್ಲಾಕ್ಕಂಡ ಮ್ಯಾಲೆ ಆ ನೀರ ಕರಿಬೇವಿನ ಗಿಡಕ್ಕೆ ಹುಯ್ದು ಲೋಟ ಕವುಚಿಡ್ತಾರೆ ಇವ್ರು. ಮನೇಲಿ ಇವ್ರು ಮಾಡೋ ಕೆಲ್ಸ ಅದೊಂದೇಯ. ಏನೋ, ಆ ಹಲ್ಲಿನ ಮ್ಯಾಲೆ ಅಷ್ಟು ಆಸೆ. ಅದ್ನ ಹಾಕ್ಸೋಕೆ ಮುಂಚೆ ಹಳೇವ ಕೀಳ್ಸೋಕೆ ಕರ್ಕೊಂಡೋದ್ರೆ, ಸೂಜಿ ನೋಡಿ, ಕತ್ತಿಗೆ ಕಟ್ಟಿದ್ ಬಟ್ಟೆ ಸಮೇತ ಚನ್ನಪಟ್ಟಣದ ಬಸ್ ಸ್ಟ್ಯಾಂಡ್ಗೆ ಓಡೋಗಿದ್ರು. ಅದ್ಕೇ ಎರಡು ಹಂಗೇ ಉಳ್ಕಂಡವೆ."

ಹನುಮಂತಯ್ಯನವರು ಏನೋ ಅಂದರು. ಅದನ್ನು ಮಾತ್ರ ಆಕೆ ಬಿಡಿಸಿ ಹೇಳಲಿಲ್ಲ.

ಸಿರಿಯ ತಾಯಿ ಬಿಡದಿಯ ಕಾರ್ಖಾನೆಗೆ ಬೆಳಗಿನ ಪಾಳಿಗೆ ಹೋಗಿದ್ದರು. ಮನೆಯಲ್ಲಿದ್ದವರು ಇನ್ನಿಬ್ಬರು. ತಂದೆ ಮನೋಹರ್ ಮಧ್ಯಾಹ್ನವೆಲ್ಲ ಹುಳುಮನೆಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದನಂತೆ. ಚಿಕ್ಕಪ್ಪ ಲೋಕೇಶ್ ಜಗಲಿಯ ಮೇಲೆ ಮಲಗಿ ಮೊಬೈಲ್ ನೋಡುತ್ತಿದ್ದನಂತೆ. ಲೋಕೇಶ್ ಎಡಚ, ಎಡಗೈಯ ಬೆರಳುಗಳಲ್ಲಿ ಕಲ್ಲಿನುಂಗುರಗಳು ಹೊಳೆಯುತ್ತಿದ್ದವು. ಅವನ ಪಕ್ಕದಲ್ಲೇ ನೀಟ್ ಕೋಚಿಂಗ್ ಸೆಂಟರೊಂದರ ಬಣ್ಣದ ಪುಸ್ತಿಕೆ ಬಿದ್ದಿತ್ತು.

"ಸಿರೀನ ಇಲ್ಗೆ ಸೇರ್ಸಿದ್ರೆ ನಿಂಗೆಷ್ಟ್ಲಾ ಕೊಡ್ತಾರೆ?" ಕೆಂಪರಾಜು ಮೆಲ್ಲಗೆ ಕೇಳಿದ.

"ಏನ್ಲಾ ಕೆಂಪ, ಮನೆ ಮಗಳ ವಿಸ್ಯದಾಗೆ ಕಮಿಸನ್ ತಿಂತೀನಾ?" ಎಂದು ಲೋಕೇಶ್ ಕೆಂಡವಾದ. ಹಾಗೆ ಕೆಂಡವಾದುದೇ ಕೆಂಪರಾಜುವಿಗೆ ಸಾಕ್ಷಿಯೆನಿಸಿತು.

ಮೇಡಂ ಕರಿಬೇವಿನ ಗಿಡದ ಬುಡವನ್ನು ಮುಟ್ಟಿ ನೋಡಿ ಒಳಗೆ ಬಂದರು. "ಎಲ್ಲರೂ ನಡುಮನೆಗೆ ಬನ್ನಿ. ಹಾಜರಿ ತೆಗೆದುಕೊಳ್ಳುತ್ತೇನೆ."

ನಿಜಕ್ಕೂ ಒಬ್ಬೊಬ್ಬರ ಹೆಸರು ಕರೆದರು. ಮನೋಹರ್ "ಎಸ್ ಮೇಡಂ" ಎಂದು ಎದ್ದು ನಿಂತ. ಅವನೂ ಹಳೆಯ ವಿದ್ಯಾರ್ಥಿಯೇ. ಗೋಡೆಯ ಗಡಿಯಾರ ನಾಲ್ಕು ದಾಟಿತ್ತು. ಸಿರಿ ಪಕ್ಕದ ಮನೆಯಿಂದ ತಂದ ಲ್ಯಾಪ್‌ಟಾಪನ್ನು ಮಡಿಲಲ್ಲಿ ಹಿಡಿದು ಬಾಗಿಲಿಗೊರಗಿದ್ದಳು.

"ಮೊದಲನೇ ಪ್ರಶ್ನೆ," ಎಂದರು ಮೇಡಂ. "ಕಳ್ಳ ಇವತ್ತೇ ಏಕೆ ಕದ್ದ? ಸೀಟು ಬಂದು ದಿನಗಳಾದವು. ನಿನ್ನೆಯವರೆಗೆ ಹಲ್ಲು ಲೋಟದಲ್ಲಿ ಕ್ಷೇಮವಾಗಿತ್ತು. ಏಕೆಂದರೆ ನಿನ್ನೆಯವರೆಗೆ ಬೇಡ ಅನ್ನೋದಕ್ಕೆ ಮನೋಹರ್ ಇದ್ದ. ಅವನ 'ಬೇಡ'ದ ಹಿಂದೆ ಇನ್ನೊಬ್ಬರು ನೆಮ್ಮದಿಯಾಗಿ ಕುಳಿತಿದ್ದರು. ಅವನು ಹೂಂ ಅಂದ, ಅವರ ನೆಮ್ಮದಿ ಹೋಯಿತು. ಕದಿಯೋದಾದರೆ ಮನೋಹರ್ ಒಪ್ಪಿಗೆ ಕೊಡುತ್ತಲೇ ಇರಲಿಲ್ಲ. ಅವನು ಕುಳಿತುಕೊಳ್ಳಲಿ."

ಮನೋಹರ್ ಕುಳಿತ.

"ಎರಡನೆಯದು ಲೋಟ. ಅವಸರದ ಕಳ್ಳ ಹಲ್ಲನ್ನು ತೆಗೆದುಕೊಂಡು ನೀರನ್ನು ಅಲ್ಲೇ ಬಿಟ್ಟು ಓಡುತ್ತಾನೆ. ಈ ಕಳ್ಳ ನೀರನ್ನು ಕರಿಬೇವಿಗೆ ಹುಯ್ದು ಲೋಟ ಕವುಚಿಟ್ಟಿದ್ದಾನೆ. ಬುಡ ಇನ್ನೂ ಒದ್ದೆಯಾಗಿದೆ. ಇದು ಕಳ್ಳತನವಲ್ಲ, ಅಭ್ಯಾಸ. ಮೂರನೆಯದು ಹಿತ್ತಿಲಲ್ಲಿದೆ. ಕೆಂಪರಾಜು, ಮೂಲೆಯ ಹಸಿ ಬೆರಣಿಯನ್ನು ಕಿತ್ತು ತಾ."

"ನಾನಾ?"

"ನೀನೇ."

ಕೆಂಪರಾಜು ಅದನ್ನು ಮೊರದಲ್ಲಿ ಹೊತ್ತು ತಂದ. ಮೇಡಂ ಹೇಳಿದಂತೆ ಒಡೆದ. ಒಳಗೆ ಬಾಳೆ ಎಲೆಯ ಸುರುಳಿ. ಅದರೊಳಗೆ, ಒಂದು ಚೂರೂ ಸಗಣಿ ಸೋಂಕದೆ, ಹನುಮಂತಯ್ಯನವರ ಹಲ್ಲುಗಳು ನಗುತ್ತಿದ್ದವು.

"ಅಯ್ಯೋ ನಮ್ಮಪ್ಪ!" ಎಂದರು ವೆಂಕಟಲಕ್ಷ್ಮಮ್ಮ. "ನಾನ್ ತಟ್ಟಿದ್ದಲ್ಲ ಅದು!"

"ಅಲ್ಲ. ನೀವು ಬಲಗೈಲಿ ತಟ್ಟುತ್ತೀರಿ, ಹೆಬ್ಬೆರಳು ಎಡಕ್ಕೆ ಬೀಳುತ್ತದೆ. ಇದರಲ್ಲಿ ಬಲಕ್ಕೆ ಬಿದ್ದಿತ್ತು. ತಟ್ಟಿದ್ದು ಎಡಗೈ."

"ನಾನ್ ಹೇಳಿರ್ಲಿಲ್ವಾ!" ಎಂದು ಕೆಂಪರಾಜು ಲೋಕೇಶನ ಎಡಗೈಯನ್ನು ಹಿಡಿದೇಬಿಟ್ಟ. ಅವನು ಹಾಗೆ ಯಾರಿಗೂ ಹೇಳಿರಲಿಲ್ಲ.

"ಬುಡ್ಲಾ ಕೈಯ! ಸಗಣಿ ಮೆತ್ತುತೈತೆ!"

"ಬಿಡು ಕೆಂಪರಾಜು. ಆ ಬೆರಣಿಯಲ್ಲಿ ಬೆರಳಿನ ಗುರುತು ನುಣ್ಣಗಿತ್ತು. ಉಂಗುರದ ಗೀರು ಎಲ್ಲಿ?"

"ತೆಗ್ದಿಟ್ಟು ತಟ್ಟಿರ್ತಾನೆ ಮೇಡಂ."

"ಹಾಗಾದರೆ ತೆಗಿ, ನೋಡೋಣ."

ಕೆಂಪರಾಜು ಎಳೆದ, ಸೋಪು ಹಚ್ಚಿ ಎಳೆದ, ಕಾಲು ಕೊಟ್ಟು ಎಳೆದ. ಲೋಕೇಶ್ ಅರಚಿದನೇ ಹೊರತು ಉಂಗುರ ಅಲುಗಲಿಲ್ಲ.

"ಹುಟ್ಟು ಎಡಚರಲ್ಲದವರೂ ಬಲಗೈಗೆ ಗಾಯವಾದರೆ ಎಡಗೈಲಿ ತಟ್ಟುತ್ತಾರೆ," ಎಂದರು ಮೇಡಂ ಮೆಲ್ಲಗೆ. "ಸೀಟು ಹಾಳಾಗಲಿ ಅನ್ನುವ ಹಗೆಯವನು ಹಲ್ಲನ್ನು ಬಾವಿಗೆ ಎಸೆಯುತ್ತಿದ್ದ. ಈ ಕಳ್ಳ ಬಾಳೆ ಎಲೆಯಲ್ಲಿ ಸುತ್ತಿಟ್ಟಿದ್ದಾನೆ. ನಾಳೆ ಅದನ್ನೇ ಹಾಕಿಕೊಂಡು ಮುದ್ದೆ ಉಣ್ಣಬೇಕಲ್ಲ."

ಎಲ್ಲರ ಕಣ್ಣೂ ಬಟ್ಟೆ ಸುತ್ತಿದ ಬಲಗೈಯ ಕಡೆಗೆ ತಿರುಗಿದವು. ಹನುಮಂತಯ್ಯನವರು ಅದನ್ನು ಮೆಲ್ಲನೆ ಪಂಚೆಯ ಮರೆಗೆ ಎಳೆದುಕೊಂಡರು.

"ತಾತ?" ಎಂದಳು ಸಿರಿ. "ಅಪ್ಪನ ಹತ್ರ ನನ್ನ ಪರವಾಗಿ ಮಾತಾಡಿದ್ದೇ ನೀನಲ್ವಾ? ಯಾಕ್ ತಾತ?"

ಮುದುಕರು ಬಹಳ ಹೊತ್ತು ಗಾಳಿಯ ಮಾತಾಡಿದರು. ವೆಂಕಟಲಕ್ಷ್ಮಮ್ಮ ಒಂದೇ ಮಾತಿನಲ್ಲಿ ಮುಗಿಸಿದರು: "ಹೆದ್ರುಕೆ ಆಯ್ತಂತೆ."

ಬಳಿಕ ಉಳಿದದ್ದನ್ನೂ ಬಿಡಿಸಿ ಹೇಳಿದರು. "ಮನೋಹರ ಹೆಂಗೂ ಒಪ್ಪಕಿಲ್ಲ ಅನ್ನೋ ಧೈರ್ಯದಾಗೆ ಇವ್ಳ ಪರ ಮಾತಾಡಿದ್ರಂತೆ. ಅವ್ನು ಒಪ್ಬುಟ್ಟ, ಇವ್ಳು ಬೆಳಿಗ್ಗೆ ಆ ಎರಡು ಹಲ್ಲ ಕೀಳ್ತೀನಿ ಅಂದ್ಲಲ್ಲ. ಬಾಯಲ್ಲಿ ಅವೆರಡೇ ನನ್ ಸ್ವಂತದ್ದು ಅಂತವ್ರೆ. ಮೊಮ್ಮಗಳು ಓದ್ಲಿ, ಆದ್ರೆ ಸೂಜಿ ಇಲ್ದಿರೋದು ಓದ್ಲಿ ಅಂತವ್ರೆ."

ಸಿರಿ ಅಳಬೇಕೋ ನಗಬೇಕೋ ತಿಳಿಯದೆ ನಿಂತಳು. ಅಜ್ಜಿ ಹಲ್ಲನ್ನು ಬಿಸಿನೀರಿನಲ್ಲಿ ತೊಳೆದು ತಂದರು. ತಾತ ಹಾಕಿಕೊಂಡರು. ಸಿರಿ ಓಟಿಪಿ ಕೇಳುವ ಗುಂಡಿಯನ್ನೊತ್ತಿ ಫೋನನ್ನು ಅವರ ಮುಖಕ್ಕೆ ಹಿಡಿದಳು.

ಫೋನು ತೆರೆಯಲಿಲ್ಲ.

"ನಗ್ಬೇಕು ತಾತ!"

ಅವಮಾನದಿಂದ ಬಾಡಿದ ಮುಖಕ್ಕೆ ನಗು ಬರುವುದುಂಟೇ? ಹನುಮಂತಯ್ಯನವರು ತುಟಿಯನ್ನು ಅಗಲಿಸಿದರು, ಅದು ಅಳುವಿನಂತಾಯಿತು. ಫೋನು ಗುರುತು ಹಿಡಿಯಲಿಲ್ಲ. ಗಡಿಯಾರದ ಮುಳ್ಳು ಐದರ ಮಗ್ಗುಲಿಗೆ ಬಂದಿತ್ತು. ಮನೋಹರ್ ಬೇಡಿಕೊಂಡ, ಕೆಂಪರಾಜು ಕೋತಿಯಂತೆ ಕುಣಿದು ತೋರಿಸಿದ. ಏನೂ ಆಗಲಿಲ್ಲ.

ಸಿರಿ ತಾತನ ಮುಂದೆ ಕುಳಿತಳು. "ಮೊದ್ಲು ಮೇಣದ ಹಲ್ಲು ಕೆತ್ತೋದು ಕಲಿಸ್ತಾರಂತೆ ತಾತ, ಅಷ್ಟೆ. ನಿನ್ನ ಎರಡು ಹಲ್ಲು ನಿಂದೇ. ನಿನ್ನಾಣೆ, ಮುಟ್ಟಲ್ಲ."

"ಸೂಜಿ?" ಈಗ ಮಾತು ಸ್ಪಷ್ಟವಾಗಿತ್ತು.

"ಸೂಜೀನೂ ಇಲ್ಲ."

ಮುಖದ ಗಂಟು ತುಸು ಸಡಿಲವಾಯಿತು. ಆದರೆ ಫೋನಿಗೆ ಅದು ಸಾಲದು.

"ಮೊದಲನೇ ಪೇಷಂಟ್ ಬೇಕೇ ಬೇಕಲ್ಲ," ಎಂದರು ಲತಾಮಣಿ ಮೇಡಂ ಕನ್ನಡಕ ಒರೆಸಿಕೊಳ್ಳುತ್ತ. "ಲೋಕೇಶನ ಬಾಯಿ ತುಂಬ ಹಲ್ಲಿದೆ. ಇಬ್ಬರು ಕೈ ಹಿಡಿದುಕೊಂಡರೆ ಆಯಿತು."

"ನಂದ್ಯಾಕೆ?" ಎಂದು ಲೋಕೇಶ್ ಉಂಗುರದ ಕೈಯಿಂದ ಬಾಯಿ ಮುಚ್ಚಿಕೊಂಡು, ಕೂತಲ್ಲಿಂದಲೇ ಬಾಗಿಲ ತನಕ ಜರುಗಿದ. "ನಾನೇನ್ ಮಾಡ್ದೆ? ನಾನ್ ಕೊಡಕ್ಕಿಲ್ಲ!"

ಮೊದಲು ಹನುಮಂತಯ್ಯನವರ ಹೊಟ್ಟೆ ಅಲುಗಿತು. ಆಮೇಲೆ ಭುಜ. ಆಮೇಲೆ ಚನ್ನಪಟ್ಟಣದ ಹಲ್ಲುಗಳು ಒಂದೂ ಬಾಕಿಯಿಲ್ಲದಂತೆ ಹೊರಬಂದು ಹೊಳೆದವು. ಫೋನು ಟಕ್ಕೆಂದು ತೆರೆಯಿತು.

ಸಿರಿ ಓಟಿಪಿ ತುಂಬಿ ಒಪ್ಪಿಗೆ ಒತ್ತಿದಳು. ಪರದೆಯ ಮೇಲೆ ಹಸಿರು ಗುರುತು ಮೂಡಿದ ಮೇಲೆಯೂ ತಾತನ ನಗು ನಿಂತಿರಲಿಲ್ಲ.

ಕೆಂಪರಾಜು ಇಲ್ಲಿಗೆ ಬರುವಷ್ಟರಲ್ಲಿ ಕರೆಂಟು ಬಂದು ಡೇರಿಯ ಯಂತ್ರ ಗುಂಯ್ ಎಂದಿತು. ಹಾಲು ಅಳೆದುಕೊಂಡದ್ದಾಯಿತು. ಕೇಳುಗರು ಪಂಚೆ ಕೊಡವಿಕೊಂಡು, ಖಾಲಿ ಕ್ಯಾನುಗಳನ್ನು ಎತ್ತಿಕೊಂಡು, ದಾರಿಯುದ್ದಕ್ಕೂ ಲೋಕೇಶನನ್ನು ನೆನೆದು ನಗುತ್ತ ಮನೆಗಳ ಕಡೆಗೆ ಹೊರಟರು. ಕೆಳಗಿನ ಬೀದಿ ತಿರುಗುವಲ್ಲಿ ಯಾರೋ ಹೇಳಿದರು, "ಸಿರಿ ರಜಕ್ಕೆ ಬಂದವ್ಳಂತೆ ಕಣ್ರಲಾ, ಜಗಲಿ ಮ್ಯಾಲೇ ಕೂತವ್ಳೆ." ಹನುಮಂತಯ್ಯನವರ ಮನೆ ದಾಟುವ ತನಕ ಒಬ್ಬನೂ ತುಟಿ ಬಿಚ್ಚಿ ಹಲ್ಲು ತೋರಿಸಲಿಲ್ಲ.